ಐಸ್ ತರಲು ಹೋದ ಹೊತ್ತು

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ವಿಟಮಿನ್ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು, ಆದರೆ ಅದು ಹಾಜರಿ ಹಾಕುವಾಗ ಬಿಟ್ಟರೆ ಯಾರ ಬಾಯಿಗೂ ಬರುತ್ತಿರಲಿಲ್ಲ. ಮದುವೆಗೆ ಮುಂಚಿನಿಂದ ಒಂದೇ ವಿಟಮಿನ್ನಿನ ಬೆನ್ನು ಹತ್ತಿದವಳಿಗೆ ಬೇರೆ ಯಾವ ಹೆಸರು ತಾನೇ ಅಂಟೀತು? ಅವಳದು ಬಿ-ಹನ್ನೆರಡು. ಚಿಟಿಕೆಯಷ್ಟು ಹಾಕಿದರೆ ಸಾಕು, ನೀರು ನಾಚಿಕೊಂಡಂತೆ ನಸುಗೆಂಪಾಗುತ್ತದೆ. ಆ ಬಣ್ಣವೆಂದರೆ ಅವಳಿಗೆ ಪ್ರಾಣ.

ಆ ವಿಟಮಿನ್ನಿಗೂ ಅವಳು ಸಾಕಿದ ಬ್ಯಾಕ್ಟೀರಿಯಾಕ್ಕೂ ಇದ್ದ ವ್ಯವಹಾರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೆದರುವಂಥದ್ದೇನಿಲ್ಲ. ಬ್ಯಾಕ್ಟೀರಿಯಾಕ್ಕೆ ಅದು ಬೇಕೇ ಬೇಕು, ಆದರೆ ತಾನೇ ಮಾಡಿಕೊಳ್ಳಲು ಬರುವುದಿಲ್ಲ. ಹೊರಗಿನಿಂದ ಎಳೆದುಕೊಳ್ಳಲು ತನ್ನ ಗೋಡೆಯಲ್ಲಿ ಪ್ರೋಟೀನಿನ ಬಾಗಿಲು ಕಟ್ಟಿಕೊಳ್ಳುತ್ತದೆ. ಒಳಗೆ ವಿಟಮಿನ್ ಸಾಕಷ್ಟಾಯಿತೆಂದರೆ ಹೊಸ ಬಾಗಿಲು ಕಟ್ಟುವುದನ್ನು ನಿಲ್ಲಿಸುತ್ತದೆ. ಸಾಕು ಎಂದು ಹೇಳುವವರು ಯಾರು? ಯಾವುದೋ ಕಾವಲುಗಾರ ಪ್ರೋಟೀನ್ ಇರಬೇಕು, ಅದು ಒಳಗಿನ ದಾಸ್ತಾನು ನೋಡಿಕೊಂಡು ಜೀನಿನ ಬಾಯಿ ಮುಚ್ಚಿಸುತ್ತಿರಬೇಕು ಎಂದು ತಿಳಿದವರೆಲ್ಲ ಹೇಳುತ್ತಿದ್ದರು. ಅವಳ ಗುರುಗಳು ಆ ಕಾವಲುಗಾರನನ್ನು ಹುಡುಕಿ ಹುಡುಕಿ ತಲೆಗೂದಲು ಬೆಳ್ಳಗೆ ಮಾಡಿಕೊಂಡಿದ್ದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಅವರ ಕಥೆ. ಯಾಕೆಂದರೆ ಕಾವಲುಗಾರನೇ ಇರಲಿಲ್ಲ.

ಜೀನಿನಿಂದ ನಕಲಾಗಿ ಬರುವ ಆರ್‌ಎನ್‌ಎ ಎಂಬ ಎಳೆಯಿದೆಯಲ್ಲ, ಬಾಗಿಲು ಕಟ್ಟಿ ಎಂಬ ಆಜ್ಞೆಯನ್ನು ಹೊತ್ತು ತರುವುದು ಅದೇ. ಅದರ ಮೊದಲ ತುದಿ ಸುಮ್ಮನೆ ನೇತಾಡಿಕೊಂಡಿರುವುದಿಲ್ಲ. ತನ್ನ ಮೇಲೆ ತಾನೇ ಮಡಚಿಕೊಂಡು, ಸುತ್ತಿಕೊಂಡು, ಒಂದು ಪುಟ್ಟ ಜೇಬಾಗುತ್ತದೆ. ಆ ಜೇಬಿನಲ್ಲಿ ವಿಟಮಿನ್ ಬಂದು ಕೂತರೆ ಮಡಿಕೆ ಬಿಗಿಯಾಗಿ, ಆಜ್ಞೆಯನ್ನು ಓದಲು ಶುರುಮಾಡಬೇಕಾದ ಜಾಗವೇ ಒಳಗೆ ಅಡಗಿಹೋಗುತ್ತದೆ. ಓದಲಾಗದ ಆಜ್ಞೆಯನ್ನು ಪಾಲಿಸುವವರು ಯಾರು? ಬಾಗಿಲಿನ ಕೆಲಸ ನಿಂತಿತು. ವಿಟಮಿನ್ ಕಡಿಮೆಯಾಯಿತೋ, ಜೇಬು ಖಾಲಿ, ಮಡಿಕೆ ಸಡಿಲ, ಕೆಲಸ ಮತ್ತೆ ಶುರು. ಕಣ್ಣಿಲ್ಲ, ನಾಲಿಗೆಯಿಲ್ಲ, ತಲೆಯಂತೂ ಮೊದಲೇ ಇಲ್ಲ. ಆದರೂ ಯಾವಾಗ ಸಾಕು ಎನ್ನಬೇಕೆಂದು ಈ ಎಳೆಗೆ ಗೊತ್ತು. ತಲೆ ಇರುವ ಎಷ್ಟೋ ಜನಕ್ಕೆ ಇಷ್ಟು ಗೊತ್ತಿಲ್ಲ.

ಇದನ್ನು ಅವಳು ಮೊದಲ ಸಲ ಗಂಡನಿಗೆ ವಿವರಿಸಿದಾಗ ಅವನು ಟೀ ಲೋಟ ಕೆಳಗಿಟ್ಟು, "ಓ, ಥರ್ಮೋಸ್ಟ್ಯಾಟು!" ಎಂದ. ಅವನು ಫ್ರಿಜ್ಜು, ಏಸಿ, ಅಂಗಡಿಗಳ ಕೂಲರು ರಿಪೇರಿ ಮಾಡುವ ಮೆಕ್ಯಾನಿಕ್.

"ಏನ್ರೀ ಥರ್ಮೋಸ್ಟ್ಯಾಟು?"

"ಫ್ರಿಜ್ ಒಳಗೆ ಇರುತ್ತಲ್ಲ. ತಂಪು ಸಾಕಾದ್ರೆ ತಾನೇ ಕಟ್ ಆಗುತ್ತೆ, ಬೆಚ್ಚಗಾದ್ರೆ ತಾನೇ ಆನ್ ಆಗುತ್ತೆ. ಅದಕ್ಕೂ ತಲೆ ಇಲ್ಲ."

ಗುರುಗಳು ಆಯುಷ್ಯ ಕಳೆದದ್ದನ್ನು ಇವನು ಒಂದು ಗುಟುಕು ಟೀ ಕುಡಿಯುವುದರೊಳಗೆ ಮುಗಿಸಿಬಿಟ್ಟನಲ್ಲ ಎಂದು ಅವಳಿಗೆ ಸಿಟ್ಟು ಬಂತು. "ನಿಮ್ಮ ಥರ್ಮೋಸ್ಟ್ಯಾಟನ್ನ ಫ್ಯಾಕ್ಟರೀಲಿ ಯಾರೋ ಕೂತ್ಕೊಂಡು ಮಾಡಿರ್ತಾರೆ. ಇದನ್ನ ಯಾರೂ ಮಡಚಲ್ಲ. ತಾನೇ ಮಡಚ್ಕೊಳ್ಳುತ್ತೆ."

"ತಾನೇ?"

"ತಾನೇ."

"ಹಾಗಾದ್ರೆ ದೊಡ್ಡದು ಬಿಡು," ಎಂದು ಲೋಟ ಎತ್ತಿಕೊಂಡ. ಅವಳ ಸಿಟ್ಟು ಅಲ್ಲೇ ಇಳಿಯಿತು.

ಇಂಥ ಎಳೆಗಳಿವೆಯೆಂದು ಬೇರೆ ಒಂದೆರಡು ಕಡೆ ಆಗಲೇ ಹೇಳಿದ್ದರು. ಆದರೆ ಅವಳ ಬ್ಯಾಕ್ಟೀರಿಯಾದಲ್ಲಿ ಕಾವಲುಗಾರ ಇದ್ದೇ ಇದ್ದಾನೆ ಎಂದು ದೂರದ ಒಂದು ದೊಡ್ಡ ಲ್ಯಾಬಿನವರು ಹಠ ಹಿಡಿದಿದ್ದರು. ಅದಕ್ಕೆ ಉತ್ತರವಾಗಿ ಅವಳು ಹೂಡಿದ ಪ್ರಯೋಗ ಮಗುವಿಗೂ ಅರ್ಥವಾಗುವಂಥದು. ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಡಬ್ಬಿ, ನಡುವೆ ತೆಳ್ಳನೆಯ ಪೊರೆ. ಒಂದು ಕೋಣೆಯಲ್ಲಿ ಎಳೆ, ಇನ್ನೊಂದರಲ್ಲಿ ಬರೀ ಉಪ್ಪುನೀರು. ಪೊರೆಯ ಕಂಡಿಯಲ್ಲಿ ವಿಟಮಿನ್ ತೂರುತ್ತದೆ, ಎಳೆ ತೂರುವುದಿಲ್ಲ. ಹಿಡಿದುಕೊಳ್ಳುವವರು ಇಲ್ಲದಿದ್ದರೆ ವಿಟಮಿನ್ ಎರಡೂ ಕಡೆ ಸಮನಾಗಿ ಹರಡಿ ಎರಡೂ ಕೋಣೆ ಒಂದೇ ನಸುಗೆಂಪು. ಎಳೆ ಹಿಡಿದುಕೊಂಡರೆ ಅದಿರುವ ಕೋಣೆ ಕೆಂಪೇರುತ್ತದೆ, ಆಚೆಯದು ಬಿಳಿಚಿಕೊಳ್ಳುತ್ತದೆ. ಪ್ರೋಟೀನಿನ ಸೋಂಕೇ ಇಲ್ಲ. ಈ ವಿಟಮಿನ್ನಿಗೆ ಬೆಳಕು ಆಗದಾದ್ದರಿಂದ ಡಬ್ಬಿಗೆ ಕಪ್ಪು ಬಟ್ಟೆ ಹೊದಿಸಬೇಕಾಗಿತ್ತು. ಆ ಬಟ್ಟೆಯ ಚೀಲಗಳನ್ನು ಅವಳ ಅತ್ತೆ ಹೊಲಿದುಕೊಟ್ಟಿದ್ದರು.

ಮೊದಲ ಸಲ ಒಂದು ಕಡೆ ಕೆಂಪೇರಿದ್ದನ್ನು ಕಂಡಾಗ ಗುರುಗಳು ಕುರ್ಚಿ ಎಳೆದುಕೊಂಡು ಡಬ್ಬಿಯ ಎದುರು ಕೂತುಬಿಟ್ಟರು. ಕೆಂಪೇರಿದ ಕೋಣೆಯ ಎಳೆಗೆ ಬೆರಳು ತೋರಿಸಿ, "ಇಷ್ಟು ವರ್ಷ ಇವಳ ಮನೆ ಮುಂದೇನೇ ನಿಂತು ಬೇರೆಯವರ ವಿಳಾಸ ಕೇಳ್ತಿದ್ದೆ," ಎಂದರು. ಅವರ ಕಣ್ಣು ತುಂಬಿತ್ತು. ವಿಟಮಿನ್‌ಗೆ ಆವತ್ತು ಎಳೆಯ ಮೇಲೆ ಹೆಚ್ಚು ಪ್ರೀತಿ ಬಂತೋ ಗುರುಗಳ ಮೇಲೆ ಹೆಚ್ಚು ಬಂತೋ ಹೇಳುವುದು ಕಷ್ಟ. ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದಳು, ಮತ್ತೆ ಮತ್ತೆ ಬಂತು. ಇಬ್ಬರ ಹೆಸರಿನಲ್ಲಿ ಲೇಖನ ಅಚ್ಚಾಯಿತು. ಅವಳ ಪಿಎಚ್.ಡಿ. ನಿಂತದ್ದು ಆ ಲೇಖನದ ಮೇಲೆ, ಗುರುಗಳ ಇಷ್ಟು ವರ್ಷದ ಹುಡುಕಾಟದ ಕೊನೆಯ ಮಾತು ನಿಂತದ್ದೂ ಅದರ ಮೇಲೆ. ಅವರಿಗೆ ನಿವೃತ್ತಿ ಹತ್ತಿರವಾಗಿತ್ತು.

ಇನ್ನು ಐಸಿನ ವಿಷಯ. ಆರ್‌ಎನ್‌ಎ ಜೊತೆ ಕೆಲಸ ಮಾಡುವವರಿಗೆ ಐಸ್ ಇಲ್ಲದೆ ಕೈಕಾಲು ಆಡುವುದಿಲ್ಲ. ಎಳೆ ಅಷ್ಟು ಸೂಕ್ಷ್ಮ, ಬೆರಳಿನ ಬೆವರು ತಾಗಿದರೂ ತುಂಡುತುಂಡಾಗುತ್ತದೆ. ಹಾಗಾಗಿ ಮುಟ್ಟಿದ್ದನ್ನೆಲ್ಲ ಐಸಿನ ಬಕೆಟ್ಟಿಗೆ ಸಿಕ್ಕಿಸುವುದು ಅವರ ಮಡಿ. ಆದರೆ ಅವಳ ಲ್ಯಾಬಿನ ಐಸ್ ಯಂತ್ರ ಅವಳು ಸೇರುವ ಮೊದಲೇ ಕೈ ಕೊಟ್ಟಿತ್ತು. ಮೊಗಸಾಲೆಯ ಮೂಲೆಯಲ್ಲಿ ನಿಂತ ಆ ಯಂತ್ರದ ತಲೆಯ ಮೇಲೆ ಯಾರೋ ಹೂಕುಂಡ ಇಟ್ಟಿದ್ದರು, ಗಿಡ ಚೆನ್ನಾಗಿ ಚಿಗುರಿತ್ತು. ಐಸ್ ಬೇಕಾದರೆ ಬಕೆಟ್ ಹಿಡಿದು ಮೆಟ್ಟಿಲು ಇಳಿದು, ಅಂಗಳ ದಾಟಿ, ಪಕ್ಕದ ಕಟ್ಟಡದ ಕ್ಯಾಂಟೀನಿಗೆ ಹೋಗಬೇಕು. ಅಲ್ಲಿನ ಅಡುಗೆಯಾಕೆ ಐಸಿನ ಜೊತೆಗೆ ತನ್ನ ತಂಗಿಯ ಸಂಸಾರದ ಸುದ್ದಿಯನ್ನೂ ಬಕೆಟ್ಟಿಗೆ ತುಂಬುತ್ತಿದ್ದಳು. ಬಕೆಟ್ಟಿನ ಮುಚ್ಚಳ ಒಡೆದಿದ್ದರಿಂದ ಮೊದಲೇ ತಂದಿಟ್ಟುಕೊಳ್ಳುವ ಹಾಗೂ ಇಲ್ಲ, ಬೇಕಾದಾಗ ಬೇಕಾದಾಗಲೇ ಓಡಬೇಕು.

ಲೇಖನ ಅಚ್ಚಾದ ಮೇಲೆ ಒಂದು ದಿನ ಅವಳನ್ನು ಕರೆದುಕೊಂಡು ಹೋಗಲು ಬಂದ ಗಂಡ ಈ ಓಟವನ್ನು ನೋಡಿದ. ಹೆಂಡತಿ ಬಕೆಟ್ ಅವಚಿಕೊಂಡು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುತ್ತಿದ್ದಾಳೆ, ಊರೆಲ್ಲರ ಮನೆ ತಂಪು ಮಾಡುವವನು ಕೆಳಗೆ ವ್ಯಾನಿನಲ್ಲಿ ಕೂತು ನೋಡುತ್ತಿದ್ದಾನೆ. ಅವನಿಗೆ ನಾಚಿಕೆಯಾಯಿತು. ಆಮೇಲಿನ ರಜಾದಿನಗಳೆಲ್ಲ ಆ ಯಂತ್ರಕ್ಕೇ ಹೋದವು. ಹೂಕುಂಡ ಇಳಿಸಿದ, ಹಿಂಬದಿ ಬಿಚ್ಚಿದ, ಸತ್ತ ಕಂಪ್ರೆಸರ್ ತೆಗೆದು ತನ್ನಲ್ಲಿದ್ದ ಇನ್ನೊಂದನ್ನು ಕೂರಿಸಿದ, ಗ್ಯಾಸ್ ತುಂಬಿದ. ಯಂತ್ರ ಒಮ್ಮೆ ಕೆಮ್ಮಿ, ಗೊರಗೊರ ಎಂದು, ಹರಳಿನಂಥ ಐಸನ್ನು ಧಡಧಡ ಸುರಿಸಿತು. ಲ್ಯಾಬಿನವರೆಲ್ಲ ಚಪ್ಪಾಳೆ ತಟ್ಟಿದರು. ಅಂದಿನಿಂದ ಅವನು ಎಲ್ಲರಿಗೂ ಐಸ್ ಭಾವ. ಅವನೂ ಮನೆಗೆ ಬಂದವರಿಗೆ, ಹೋದವರಿಗೆ, "ನಮ್ಮನೆಯವಳ ಸಂಶೋಧನೇಲಿ ನನ್ನ ಕೈಯೂ ಇದೆ," ಎಂದು ಹೇಳಿಕೊಂಡು ತಿರುಗಿದ. ಹೇಳಿಕೊಳ್ಳಲಿ ಬಿಡಿ, ಅಂಥ ಮಾತನ್ನು ಹೇಳಿಕೊಳ್ಳುವ ಗಂಡಂದಿರು ಎಷ್ಟು ಜನ ಸಿಗುತ್ತಾರೆ.

ಅಷ್ಟರಲ್ಲಿ ದೊಡ್ಡ ಲ್ಯಾಬಿನಿಂದ ಮೇಲ್ ಬಂತು. ನಿಮ್ಮ ಫಲಿತಾಂಶ ಬಹಳ ಆಸಕ್ತಿಕರವಾಗಿದೆ, ನಮ್ಮ ಕೈಯಲ್ಲಿ ಮಾತ್ರ ಬರುತ್ತಿಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆದಿದ್ದರು. ಆ ಜನರ ಭಾಷೆಯಲ್ಲಿ ಇದರ ಅರ್ಥ ನೀವು ಸುಳ್ಳು ಹೇಳುತ್ತಿದ್ದೀರಿ, ಅಥವಾ ನಿಮ್ಮ ಪಾತ್ರೆ ತೊಳೆದಿಲ್ಲ ಎಂದು. ಕಾವಲುಗಾರ ಪ್ರೋಟೀನೇ ಎಲ್ಲಿಂದಲೋ ಎಳೆಗೆ ಅಂಟಿಕೊಂಡು ಬಂದಿರಬಹುದೇ ಎಂದೂ ಕೊನೆಗೆ ಒಂದು ಮುಳ್ಳು ಚುಚ್ಚಿದ್ದರು.

"ಇನ್ನೊಂದು ಸಲ ಮಾಡಿ ತೋರಿಸಿಬಿಡಮ್ಮ," ಎಂದರು ಗುರುಗಳು ನಿಶ್ಚಿಂತೆಯಿಂದ.

ಅವಳೂ ನಿಶ್ಚಿಂತೆಯಿಂದಲೇ ಮಾಡಿದಳು. ಎಲ್ಲವೂ ಹೊಸದು, ಹೊಸ ಎಳೆ, ಹೊಸ ಪೊರೆ, ಹೊಸ ಉಪ್ಪು. ಕಪ್ಪು ಚೀಲ ತೆಗೆದಾಗ ಎರಡೂ ಕೋಣೆ ಒಂದೇ ನಸುಗೆಂಪು. ತಪ್ಪಾಗಿರಬೇಕೆಂದು ಮತ್ತೆ ಮಾಡಿದಳು. ಅದೇ. ಬೇರೆ ಉಪ್ಪಿನಲ್ಲಿ ಮಾಡಿದಳು, ಬೇರೆ ನೀರಿನಲ್ಲಿ ಮಾಡಿದಳು, ಡಬ್ಬಿ ಬದಲಾಯಿಸಿದಳು, ವಿಟಮಿನ್ ಬದಲಾಯಿಸಿದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ದಿನ ಹೋದಂತೆ ಅವಳು ಚೀಲವನ್ನು ಅರ್ಧ ಎತ್ತಿ, ಆ ಸಮಸಮ ಬಣ್ಣ ಕಂಡೊಡನೆ ಮತ್ತೆ ಮುಚ್ಚಿಬಿಡುತ್ತಿದ್ದಳು.

ಅವಳ ಪಕ್ಕದ ಮೇಜಿನವನಿಗೆ ಲ್ಯಾಬಿನವರು ಸಂಶಯಪ್ಪ ಎಂದು ಹೆಸರಿಟ್ಟಿದ್ದರು. ಕೆಟ್ಟವನಲ್ಲ, ಆದರೆ ಬೆಣ್ಣೆಯಲ್ಲೂ ಕಲ್ಲು ಹುಡುಕುವ ಜಾತಿ. ಅವನು ಒಂದು ದಿನ ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದ: "ಬೇಜಾರು ಮಾಡ್ಕೋಬೇಡ ಅಕ್ಕ. ಮೊದಲು ಬರ್ತಿದ್ದಾಗ ಸಾಮಾನು ಹಳೇದು. ಈಗ ನೀನು ಎಲ್ಲಾ ತೊಳೆದು ಬಳಿದು ಶುದ್ಧ ಮಾಡಿದೀಯ, ಬರ್ತಿಲ್ಲ. ಅಂದ್ರೆ ಮೊದಲು ಕೊಳೆ ಇತ್ತು, ಆ ಕೊಳೇಲಿ ಪ್ರೋಟೀನ್ ಇತ್ತು. ಅವರು ಹೇಳಿದ್ದೇ ಸರಿ ಇರಬಹುದಲ್ವಾ?"

ಅವಳಿಗೆ ಆ ಮಾತು ಚುಚ್ಚಿದ್ದು ಅದು ಕೆಟ್ಟದ್ದೆಂದಲ್ಲ, ಸರಿಯಾಗಿ ಕಾಣುತ್ತಿತ್ತೆಂದು. ತಾನು ಇಷ್ಟು ವರ್ಷ ಹಾಡಿ ಹೊಗಳಿದ ಆ ಜಾಣ ಎಳೆ, ತಾನೇ ನೋಡಿ ತಾನೇ ಸಾಕು ಎನ್ನುವ ಎಳೆ, ಬರೀ ತೊಳೆಯದ ಪಾತ್ರೆಯ ಕನಸಾಗಿತ್ತೇ? ಡಿಗ್ರಿ ಹೋದರೆ ಹೋಗಲಿ, ಅದಾದರೂ ನಿಜವಾಗಿರಲಿ ಎಂದು ಅವಳು ನಿಜಕ್ಕೂ ಬೇಡಿಕೊಂಡಳು.

ಆ ಶನಿವಾರ ಗುರುಗಳು ಅವಳನ್ನು ಕೋಣೆಗೆ ಕರೆದರು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

"ಬರೀ ಅವರ ಕೈಯಲ್ಲಿ ಬರ್ದೇ ಇದ್ದಿದ್ರೆ ಜಗಳ ಆಡಬಹುದಿತ್ತು," ಎಂದರು. "ನಮ್ಮ ಕೈಯಲ್ಲೇ ಬರ್ತಿಲ್ಲ. ನಮಗೇ ಕಾಣದೇ ಇರೋದನ್ನ ಬೇರೆಯವರು ನಂಬಬೇಕು ಅಂತ ಹೇಗಮ್ಮ ಕೇಳೋದು? ಸೋಮವಾರ ಲೇಖನ ವಾಪಸ್ ತಗೋತೀನಿ ಅಂತ ಬರೆದುಬಿಡ್ತೀನಿ."

"ಸರ್, ತಪ್ಪು ನನ್ನ ಕೈಯದ್ದು ಅಂತ ಬರೀರಿ. ನಿಮ್ಮದಲ್ಲ ಅಂತ."

"ಚಪ್ಪಾಳೆ ಬಿದ್ದಾಗ ಇಬ್ಬರೂ ತಗೊಂಡ್ವಿ. ಬೈಗುಳ ಬಂದಾಗ ನಿನ್ನೊಬ್ಬಳಿಗೆ ಬಿಟ್ಟುಕೊಟ್ಟು ನಾನು ಮನೆಗೆ ಹೋಗಲಾ?" ಗುರುಗಳು ನಗಲು ಪ್ರಯತ್ನಿಸಿದರು. "ನಿನ್ನ ಡಿಗ್ರಿಗೆ ಬೇರೆ ದಾರಿ ಹುಡುಕೋಣ. ನಿಧಾನ ಆಗುತ್ತೆ, ಆಗಲಿ."

ಬೇರೆ ದಾರಿ ಎಂದರೆ ಮೊದಲಿನಿಂದ. ಅವರು ನಿವೃತ್ತರಾದ ಮೇಲೆ ಆ ದಾರಿಯಲ್ಲಿ ಅವಳ ಜೊತೆಗೆ ಬರುವವರು ಯಾರೂ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸಂಜೆ ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದಳು. ಅತ್ತೆ ಕಿಟಕಿಯ ಬೆಳಕಿಗೆ ಕೂತು ಅವಳ ಪ್ಯಾಂಟಿನ ಸೊಂಟದ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದರು. ಅತ್ತೆ ಹಿಂದೆ ಸಿನಿಮಾ ಟಾಕೀಸಿನಲ್ಲಿ ಟಿಕೆಟ್ ಕೊಡುತ್ತಿದ್ದವರು. ನೂಕುನುಗ್ಗಲಿನ ಜನರನ್ನು ಸಣ್ಣ ಕಿಂಡಿಯಿಂದಲೇ ಗದರಿಸಿ ಪಳಗಿದ ಗಂಟಲು, ಗುಟ್ಟು ಹೇಳಿದರೂ ಬೀದಿಯ ಕೊನೆಗೆ ಕೇಳಿಸುತ್ತಿತ್ತು. ಸೊಸೆಯ ಮುಖ ನೋಡಿ ಅವರಿಗೆ ಸಂಗತಿ ತಿಳಿಯಿತು. ಸಮಾಧಾನ ಹೇಳುವುದು ಅವರಿಗೆ ಬಾರದ ವಿದ್ಯೆ, ಹಾಗಾಗಿ ಬೈಯಲು ಶುರುಮಾಡಿದರು.

"ಬಾ, ಕೂತ್ಕೋ. ಕೂತೂ ಕೂತೂ ಹೀಗಾಗಿದೆ. ಹೋದ ತಿಂಗಳು ಒಂದು ಬೆರಳು ಬಿಡಿಸಿದ್ದೆ, ಈಗ ಇನ್ನೊಂದು. ಇನ್ನು ಬಿಡಿಸೋಕೆ ಬಟ್ಟೆ ಇಲ್ಲಮ್ಮ, ನಿನ್ನ ಡಬ್ಬಿ ಚೀಲದ ಕಪ್ಪು ಬಟ್ಟೇನೇ ತೇಪೆ ಹಾಕಬೇಕು."

"ಅಮ್ಮ, ಸುಮ್ನಿರು," ಎಂದ ಮಗ ಒಳಗಿನಿಂದ.

"ನೀನು ಸುಮ್ನಿರು. ಎಲ್ಲಾ ನಿನ್ನಿಂದಾನೇ. ಆ ಐಸ್ ಯಂತ್ರ ರಿಪೇರಿ ಮಾಡಿದಾಗಿನಿಂದ ಇವಳ ಸೊಂಟ ಯಾರ ಮಾತೂ ಕೇಳ್ತಿಲ್ಲ. ಮೊದಲು ಬಕೆಟ್ ಹಿಡ್ಕೊಂಡು ಇಳಿದೂ ಹತ್ತೀ ಓಡಾಡ್ತಿದ್ಲು, ಪ್ಯಾಂಟು ಜಾರ್ತಿತ್ತು. ಈಗ ಕೈ ಚಾಚಿದ್ರೆ ಐಸು. ನಿನ್ನ ಪ್ರೀತಿ ಪೂರ್ತಿ ಇವಳ ಸೊಂಟಕ್ಕೆ ಬಂದು ಕೂತಿದೆ ಕಣೋ."

ವಿಟಮಿನ್ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕದ್ದು. ನಗು ಅರ್ಧಕ್ಕೇ ನಿಂತಿತು.

"ಅತ್ತೆ, ಇನ್ನೊಂದು ಸಲ ಹೇಳಿ."

"ಏನು, ಸೊಂಟದ ವಿಷಯಾನಾ?"

"ಅಲ್ಲ. ಓಡಾಟದ ವಿಷಯ."

ಅತ್ತೆ ಇನ್ನೊಂದು ಸಲ ಹೇಳಿದರು, ಇನ್ನಷ್ಟು ಜೋರಾಗಿ. ಅವಳ ಕಿವಿಗೆ ಅದು ಬೀಳಲೇ ಇಲ್ಲ. ತಾನು ಬಕೆಟ್ ಹಿಡಿದು ಓಡುತ್ತಿದ್ದಾಗ ಎಳೆಯ ಟ್ಯೂಬ್ ಎಲ್ಲಿತ್ತು? ಪ್ರಯೋಗದ ಮೊದಲ ಹೆಜ್ಜೆಯಲ್ಲಿ ಎಳೆಯನ್ನು ಚೆನ್ನಾಗಿ ಬಿಸಿ ಮಾಡಬೇಕು, ಹಳೆಯ ಸಿಕ್ಕೆಲ್ಲ ಬಿಚ್ಚಿ ನೆಟ್ಟಗಾಗಲು. ಆಮೇಲೆ ಐಸಿನಲ್ಲಿಡಬೇಕು. ಲೇಖನದಲ್ಲಿ ಹಾಗೆಯೇ ಬರೆದಿದ್ದಳು, ಬಿಸಿ ಮಾಡಿ ಐಸಿನಲ್ಲಿಡಿ ಎಂದು. ಅದರಲ್ಲಿ ಸುಳ್ಳೇನಿಲ್ಲ. ಆದರೆ ಬಿಸಿಗೂ ಐಸಿಗೂ ನಡುವೆ ಮೆಟ್ಟಿಲಿತ್ತು, ಅಂಗಳವಿತ್ತು, ಅಡುಗೆಯಾಕೆಯ ತಂಗಿಯ ಸಂಸಾರವಿತ್ತು. ಅಷ್ಟು ಹೊತ್ತೂ ಟ್ಯೂಬ್ ಮೇಜಿನ ಮೇಲೆ ತನ್ನ ಪಾಡಿಗೆ ತಾನು ನಿಧಾನವಾಗಿ ಆರುತ್ತಿತ್ತು. ಅದನ್ನು ಯಾರೂ ಬರೆಯಲಿಲ್ಲ. ಐಸ್ ತರಲು ಹೋಗುವುದೂ ಪ್ರಯೋಗದ ಒಂದು ಹೆಜ್ಜೆ ಎಂದು ಯಾರಿಗೆ ಹೊಳೆದೀತು? ಈಗ ಯಂತ್ರ ಪಕ್ಕದಲ್ಲೇ ಇದೆ. ಬಿಸಿಯಿಂದ ತೆಗೆದದ್ದು ಕಣ್ಣು ಮಿಟುಕಿಸುವುದರೊಳಗೆ ಐಸಿಗೆ. ದೊಡ್ಡ ಲ್ಯಾಬಿನಲ್ಲಂತೂ ಮೂಲೆಮೂಲೆಗೆ ಐಸ್ ಯಂತ್ರ ಇದ್ದೇ ಇರುತ್ತದೆ.

ಅಷ್ಟರಲ್ಲಿ ಗಂಡ ಕೈ ಒರೆಸಿಕೊಂಡು ಹೊರಗೆ ಬಂದ. "ನಾಳೆ ಬೆಳಿಗ್ಗೆ ನಿನ್ನ ಲ್ಯಾಬಿಗೆ ಹೋಗಿ ಯಂತ್ರದ ಫಿಲ್ಟರ್ ತೊಳೆದು ಬರ್ತೀನಿ. ಬೇಸರದಲ್ಲಿದೀಯ, ಐಸಾದರೂ ಚೆನ್ನಾಗಿರಲಿ," ಎಂದ.

"ನಾನೂ ಬರ್ತೀನಿ ರೀ," ಎಂದಷ್ಟೇ ಹೇಳಿದಳು.

ಭಾನುವಾರ ಬೆಳಿಗ್ಗೆ ಲ್ಯಾಬಿನಲ್ಲಿ ಅವರಿಬ್ಬರೇ. ಅವನು ಮೊಗಸಾಲೆಯಲ್ಲಿ ಯಂತ್ರದ ಮುಂದೆ ಕೂತು ಸಿಳ್ಳೆ ಹಾಕುತ್ತಾ ಫಿಲ್ಟರ್ ತೊಳೆಯುತ್ತಿದ್ದ. ಅವಳು ಒಳಗೆ ಒಂದೇ ಎಳೆಯನ್ನು ಎರಡು ಟ್ಯೂಬಿಗೆ ಹಂಚಿ, ಒಟ್ಟಿಗೇ ಬಿಸಿ ಮಾಡಿ, ಒಂದನ್ನು ನೆಟ್ಟಗೆ ಐಸಿಗೆ ಇಳಿಸಿದಳು, ಇನ್ನೊಂದನ್ನು ಮೇಜಿನ ಮೇಲೆ ಬಿಟ್ಟಳು. ಮೂರನೆಯದು ನಿನ್ನೆ ಮೊನ್ನೆಯ ಸೋತ ಎಳೆ, ಫ್ರಿಜ್ಜಿನ ಮೂಲೆಯಲ್ಲಿ ಬಿದ್ದಿತ್ತು. ಅದನ್ನೂ ಮತ್ತೆ ಬಿಸಿ ಮಾಡಿ ಮೇಜಿನ ಮೇಲೆ ಆರಲು ಬಿಟ್ಟಳು. ಮೂರಕ್ಕೂ ಉಪ್ಪು ಸೇರಿಸಿ, ಮೂರು ಡಬ್ಬಿಗೆ ತುಂಬಿ, ವಿಟಮಿನ್ ಹಾಕಿ, ಅತ್ತೆಯ ಕಪ್ಪು ಚೀಲಗಳನ್ನು ಹೊದಿಸಿದಳು. ವಿಟಮಿನ್ ಪೊರೆ ದಾಟಿ ನೆಲೆಯಾಗಲು ಮಧ್ಯಾಹ್ನ ಕಳೆಯಬೇಕು. ಇಬ್ಬರೂ ಮೊಗಸಾಲೆಯಲ್ಲಿ ಕೂತು ತಂದಿದ್ದ ಬ್ರೆಡ್ಡು ತಿಂದರು.

"ಮೂರರಲ್ಲಿ ಏನು ವ್ಯತ್ಯಾಸ?" ಎಂದು ಅವನು ಕೇಳಿದ.

ಅವಳು ಬ್ರೆಡ್ಡಿನ ಅಂಚು ಕಿತ್ತಳು. ಇವನಿಗೆ ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. "ಒಂದನ್ನ ನಿಮ್ಮ ಐಸಲ್ಲಿ ಇಟ್ಟೆ. ಎರಡನ್ನ ಇಡಲಿಲ್ಲ."

ಅವನು ಪೆದ್ದನಲ್ಲ. ಯಂತ್ರವನ್ನು ನೋಡಿದ, ಅವಳನ್ನು ನೋಡಿದ, ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟ. ಯಂತ್ರ ಆ ಹೊತ್ತಿಗೇ ಗೊರಗೊರ ಎಂದು ಒಂದು ರಾಶಿ ಐಸ್ ಸುರಿಸಿತು.

"ಇದು ಶುರುವಾದ ಮೇಲೇನೇ ಅಲ್ವಾ ನಿಂದು ಕೆಟ್ಟಿದ್ದು?" ಎಂದ ಕೊನೆಗೆ.

"ಗೊತ್ತಿಲ್ಲ ರೀ. ಇರಬಹುದು ಅಷ್ಟೇ."

"ಹಾಗಾದ್ರೆ ಕೆಂಪೇರಲಿ ಅಂತ ಕೇಳ್ಕೊಳ್ಳಲಾ, ಏರದೇ ಇರಲಿ ಅಂತ ಕೇಳ್ಕೊಳ್ಳಲಾ?"

ಅವನೇ ಎದ್ದು ಪ್ಯಾಂಟು ಕೊಡವಿಕೊಂಡು, "ಏರಲಿ ಕಣೇ. ನನ್ನ ಐಸಿಗಿಷ್ಟು ಬೆಂಕಿ ಹಾಕ," ಎಂದ.

ಮಧ್ಯಾಹ್ನ ಇಳಿದ ಮೇಲೆ ಅವಳು ಮೊದಲನೆಯ ಚೀಲ ತೆಗೆದಳು. ಐಸಿನಲ್ಲಿಟ್ಟದ್ದು. ಎರಡೂ ಕೋಣೆ ಸಮಸಮ. ಎರಡನೆಯದನ್ನು ಅವನು ತೆಗೆದ. ಎಳೆಯಿದ್ದ ಕೋಣೆ ಚೆಂಗೆಂಪು. ಆಚೆಯದು ನೀರಿನಷ್ಟು ತಿಳಿ. ಮೂರನೆಯದು, ಆ ಸೋತು ಬಿದ್ದಿದ್ದ ಎಳೆ, ಅದೂ ಹಾಗೆಯೇ ಕೆಂಪು.

ಅವಳು ಅಳಲು ಶುರುಮಾಡಿದಳು. ಅವನು ಅವಳ ತಲೆಯ ಮೇಲೆ ಒದ್ದೆ ಕೈ ಇಟ್ಟುಕೊಂಡು ಡಬ್ಬಿಗಳನ್ನೇ ನೋಡುತ್ತಾ ನಿಂತ.

ಫೋನು ಮಾಡಿದ ಮೇಲೆ ಗುರುಗಳು ಎಷ್ಟು ಬೇಗ ಬಂದರೆಂದರೆ, ಒಂದು ಕಾಲಿನಲ್ಲಿ ಮನೆಯ ಚಪ್ಪಲಿ, ಇನ್ನೊಂದರಲ್ಲಿ ಶೂ. ಕುರ್ಚಿ ಎಳೆದುಕೊಂಡು, ಮೊದಲ ದಿನ ಕೂತ ಹಾಗೆಯೇ ಡಬ್ಬಿಗಳ ಎದುರು ಕೂತರು. ಅವಳು ಎಲ್ಲವನ್ನೂ ಹೇಳಿದಳು, ಮೆಟ್ಟಿಲು, ಅಂಗಳ, ಅಡುಗೆಯಾಕೆ, ಸೊಂಟ ಯಾವುದನ್ನೂ ಬಿಡದೆ.

"ಬಿಸಿಯಿಂದ ಒಮ್ಮೆಲೇ ಐಸಿಗೆ ಹಾಕಿದ್ರೆ ಎಳೆ ಗಾಬರಿ ಬಿದ್ದ ಹಾಗೆ ಕೈಗೆ ಸಿಕ್ಕಿದ ಮಡಿಕೇನೇ ಹಿಡ್ಕೊಂಡುಬಿಡುತ್ತೆ ಸರ್. ಅದು ತಪ್ಪು ಮಡಿಕೆ. ಆಮೇಲೆ ಅಲ್ಲೇ ಸೆಟೆದುಕೊಂಡಿರುತ್ತೆ, ಬಿಡಿಸ್ಕೊಳ್ಳೋಕೆ ಆಗಲ್ಲ. ನಿಧಾನ ಆರಿದ್ರೆ ಒಂದು ಮಡಿಕೆ ಹಿಡಿದು, ಬಿಟ್ಟು, ಇನ್ನೊಂದು ಹಿಡಿದು, ಕೊನೆಗೆ ಸರಿಯಾದ ಜೇಬು ಸಿಗುತ್ತೆ ಅನ್ಸುತ್ತೆ. ಸೋತಿದ್ದ ಎಳೇನೂ ಕೆಟ್ಟಿರಲಿಲ್ಲ. ನಾವೇ ಅದಕ್ಕೆ ಪುರುಸೊತ್ತು ಕೊಟ್ಟಿರಲಿಲ್ಲ."

ಗುರುಗಳು ಮೂರನೆಯ ಡಬ್ಬಿಯನ್ನು ಬೆಳಕಿಗೆ ಹಿಡಿದು, ಬೆಳಕು ಆಗದೆಂದು ನೆನಪಾಗಿ ತಟ್ಟನೆ ಚೀಲದೊಳಗೆ ಇಟ್ಟರು. "ತಾಳಿದವನು ಬಾಳಿಯಾನು ಅಂತ ನಮ್ಮಮ್ಮ ಹೇಳ್ತಿದ್ಲು. ನನ್ನನ್ನ ಗದರೋದಕ್ಕೆ ಹೇಳ್ತಾಳೆ ಅಂದ್ಕೊಂಡಿದ್ದೆ," ಎಂದರು. ಎಳೆಯಿದ್ದ ಆ ಚೀಲವನ್ನು ಮೆಲ್ಲಗೆ ತಟ್ಟಿದರು. "ಇಷ್ಟೂ ದಿನ ಇವಳನ್ನ ಅನುಮಾನಿಸಿದ್ವಲ್ಲಮ್ಮ. ಇವಳು ಕೇಳ್ತಿದ್ದದ್ದು ಸ್ವಲ್ಪ ಪುರುಸೊತ್ತು ಅಷ್ಟೇ."

ಬಾಗಿಲಲ್ಲಿ ಐಸ್ ಭಾವ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ. "ತಪ್ಪಾಯ್ತು ಸರ್. ಗೊತ್ತಿಲ್ಲದೆ ಮಾಡಿಬಿಟ್ಟೆ. ಇವತ್ತೇ ವೈರ್ ಬಿಚ್ಚಿಬಿಡ್ತೀನಿ."

"ಮುಟ್ಟಿ ನೋಡಿ, ಹೇಳ್ತೀನಿ!" ಗುರುಗಳು ಕುರ್ಚಿಯಿಂದ ಎದ್ದೇಬಿಟ್ಟರು. "ಇಲ್ಲಿ ಕೇಳಿ. ಯಂತ್ರ ಕೆಟ್ಟೇ ಇದ್ದಿದ್ರೆ ಏನಾಗ್ತಿತ್ತು? ಇವಳು ಓಡ್ತಾನೇ ಇರ್ತಿದ್ಲು, ನಮ್ಮಲ್ಲಿ ಬರ್ತಾನೇ ಇರ್ತಿತ್ತು. ಅವರಲ್ಲಿ ಯಾವತ್ತೂ ಬರ್ತಿರಲಿಲ್ಲ. ನಾವೇ ಸರಿ ಅಂತ ನಾವು ಸಾಯೋವರೆಗೂ ಕೂಗೋದು, ಸುಳ್ಳು ಅಂತ ಅವರು ಕೂಗೋದು. ಯಾಕೆ ಅಂತ ಒಬ್ಬರಿಗೂ ಗೊತ್ತಾಗ್ತಿರಲಿಲ್ಲ. ನೀವು ನಮ್ಮ ಲ್ಯಾಬನ್ನ ಅವರ ಲ್ಯಾಬಿನ ಹಾಗೆ ಮಾಡಿದ್ರಿ ನೋಡಿ, ಅದಕ್ಕೇ ಅವರ ತಪ್ಪು ನಮ್ಮ ಕೈಗೆ ಸಿಕ್ಕಿದ್ದು."

ಅವನಿಗೆ ಪೂರ್ತಿ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಹೆಂಡತಿಯ ಮುಖ ನೋಡಿದ. ಅವಳು ಕಣ್ಣೊರೆಸಿಕೊಂಡು ಹೌದು ಎಂದು ತಲೆಯಾಡಿಸಿದಳು. ಆಮೇಲೆ ಅವನ ಮುಖದಲ್ಲಿ ಮೂಡಿದ ನಗು, ಯಂತ್ರ ಮೊದಲ ದಿನ ಐಸ್ ಸುರಿಸಿದಾಗ ಇದ್ದದ್ದಕ್ಕಿಂತ ದೊಡ್ಡದಾಗಿತ್ತು.

ಸೋಮವಾರ ಗುರುಗಳು ಬರೆಯಬೇಕಾಗಿದ್ದ ಮೇಲ್ ಬರೆಯಲಿಲ್ಲ. ಬೇರೆ ಬರೆದರು, ಎರಡೇ ಸಾಲು. ಬಿಸಿ ಮಾಡಿದ ಮೇಲೆ ಐಸಿನಲ್ಲಿಡಬೇಡಿ, ಮೇಜಿನ ಮೇಲಿಟ್ಟು ಒಂದು ಸುತ್ತು ಅಡ್ಡಾಡಿ ಬನ್ನಿ, ನಮ್ಮ ಲೇಖನದಲ್ಲಿ ಈ ಅಡ್ಡಾಟ ಬರೆಯುವುದನ್ನು ಮರೆತೆವು, ಕ್ಷಮಿಸಿ. ಆ ವಾರ ವಿಟಮಿನ್ ಮೇಲ್ ಪೆಟ್ಟಿಗೆಯನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಕಳೆದಳು. ಶುಕ್ರವಾರ ದೊಡ್ಡ ಲ್ಯಾಬಿನಿಂದ ಒಂದು ಫೋಟೋ ಬಂತು. ಅಕ್ಷರ ಒಂದೂ ಇಲ್ಲ. ಒಂದು ಡಬ್ಬಿ, ಎರಡು ಕೋಣೆ. ಒಂದು ಬಿಳಿ, ಇನ್ನೊಂದು ಚೆಂಗೆಂಪು. ಸಂಶಯಪ್ಪ ಅದನ್ನು ಕನ್ನಡಕ ಏರಿಸಿ ಇಳಿಸಿ ನೋಡಿ, ಎಲ್ಲರಿಗೂ ಟೀ ತರಿಸಿದ.

ಮುಂದಿನ ಲೇಖನದಲ್ಲಿ ಆರುವ ಹೊತ್ತಿನ ವಿಷಯ ಪೂರ್ತಿಯಾಗಿ ಬಂತು, ಐಸಿನಲ್ಲಿಟ್ಟದ್ದು, ಇಡದೇ ಇದ್ದದ್ದು, ಎರಡೂ. ಕೊನೆಯಲ್ಲಿ ಕೃತಜ್ಞತೆಯ ಜಾಗದಲ್ಲಿ ಗುರುಗಳು ತಾವೇ ಒಂದು ಸಾಲು ಸೇರಿಸಿದ್ದರು: ನಮ್ಮ ಐಸ್ ಯಂತ್ರವನ್ನು ರಿಪೇರಿ ಮಾಡಿ ನಮ್ಮ ಪ್ರಯೋಗವನ್ನು ಸಕಾಲದಲ್ಲಿ ಕೆಡಿಸಿದ ಮೆಕ್ಯಾನಿಕ್ಕಿಗೆ ನಾವು ಋಣಿ. ಐಸ್ ಭಾವ ಆ ಪುಟಕ್ಕೆ ಕಟ್ಟು ಹಾಕಿಸಿ ತನ್ನ ರಿಪೇರಿ ಅಂಗಡಿಯಲ್ಲಿ ನೇತುಹಾಕಿದ. ಅದೇ ಲೇಖನದ ಮೇಲೆ ಅವಳ ಡಿಗ್ರಿಯೂ ಆಯಿತು.

ಅತ್ತೆ ಮಾತ್ರ ಕೃತಜ್ಞತೆಯ ಸಾಲನ್ನು ಎರಡು ಸಲ ಓದಿಸಿಕೊಂಡು, "ಸೊಂಟ ಬಿಡಿಸಿದವಳ ಸುದ್ದಿಯೇ ಇಲ್ವಲ್ಲ?" ಎಂದು ಬೀದಿಗೆ ಕೇಳುವಂತೆ ಕೇಳಿದರು. ಅವರ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಯಂತ್ರ ಮೊಗಸಾಲೆಯಲ್ಲಿ ಧಡಧಡ ಐಸ್ ಸುರಿಸುತ್ತಲೇ ಇದ್ದರೂ, ಟ್ಯೂಬನ್ನು ಮೇಜಿನ ಮೇಲೆ ಆರಲು ಬಿಟ್ಟಾಗಲೆಲ್ಲ ವಿಟಮಿನ್ ಈಗ ಬರಿಗೈಯಲ್ಲಿ ಮೆಟ್ಟಿಲು ಇಳಿದು, ಅಂಗಳ ದಾಟಿ, ಅಡುಗೆಯಾಕೆಯ ತಂಗಿಯ ಸುದ್ದಿ ಪೂರ್ತಿ ಕೇಳಿಕೊಂಡು ಬರುತ್ತಿದ್ದಳು. ಬಿಚ್ಚಿದ ಹೊಲಿಗೆಯನ್ನೆಲ್ಲ ಅತ್ತೆ ಮತ್ತೆ ಹಿಡಿದು ಹೊಲಿಯಬೇಕಾಯಿತು.